ಬಂದ ಪುಟ್ಟ, ಹೋದ ಪುಟ್ಟ: ಮೈಸೂರಿನ ಪ್ರವಾಸೋದ್ಯಮ ಸೊರಗಿದ ಬಗೆ

ಮೈಸೂರಿನ ರೈಲು ನಿಲ್ದಾಣಕ್ಕೆ ಸಮೀಪದಲ್ಲೇ ಇರುವ ಯಾದವಗಿರಿ ಪ್ರವಾಸಿಗಳಿಗೆಂದು ಹುಟ್ಟಿದ ಬಡಾವಣೆಯಲ್ಲ. ಆಕಾಶವಾಣಿ, ರಾಮಕೃಷ್ಣಾಶ್ರಮ, ನೆರಳು ಚೆಲ್ಲುವ ರಸ್ತೆಗಳು, ಹಳೆಯ ಕಾಂಪೌಂಡುಗಳ ಮನೆಗಳು. ಇಷ್ಟೇ ಅದರ ಪರಿಚಯ. ಆದರೆ ಮೈಸೂರಿನ ಪ್ರವಾಸೋದ್ಯಮ ಹೇಗೆ ಏರಿತು, ಹೇಗೆ ಸೊರಗಿತು ಎಂಬುದನ್ನು ತಿಳಿಯಬಯಸುವವರು ಅರಮನೆಯ ಹೆಬ್ಬಾಗಿಲಿಗಿಂತ ಇಲ್ಲಿನ ಒಂದು ಬಿಳಿಯ ಮನೆಯಿಂದ ಹೊರಡುವುದು ಒಳ್ಳೆಯದು. ಅದು ಆರ್.ಕೆ. ನಾರಾಯಣ್ ಕಟ್ಟಿಸಿ, ದಶಕಗಳ ಕಾಲ ಬಾಳಿದ ಮನೆ.

ನಾರಾಯಣ್ ಕಾದಂಬರಿಕಾರರೆಂದು ಎಲ್ಲರಿಗೂ ಗೊತ್ತು. ಅವರು ಸರ್ಕಾರಕ್ಕಾಗಿ ಪ್ರವಾಸದ ಪುಸ್ತಕ ಬರೆದವರೂ ಹೌದು. ಅದೂ ಒಂದಲ್ಲ, ಎರಡು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಸಂಸ್ಥಾನದ ಸರ್ಕಾರದ ಕೋರಿಕೆಯ ಮೇಲೆ ಊರೂರು ತಿರುಗಿ ಬರೆದ 'ಮೈಸೂರ್' 1939ರಲ್ಲಿ ಹೊರಬಂತು. ಹೆಚ್ಚುಕಡಿಮೆ ನಾಲ್ಕು ದಶಕಗಳ ನಂತರ, 1977ರಲ್ಲಿ, ಕರ್ನಾಟಕ ಸರ್ಕಾರಕ್ಕಾಗಿ 'ದಿ ಎಮರಾಲ್ಡ್ ರೂಟ್' ಬರೆದರು. ಚಿತ್ರಗಳು ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ಈ ಎರಡು ಪುಸ್ತಕಗಳ ನಡುವಿನ ಅವಧಿಯಲ್ಲೇ ಮೈಸೂರಿಗೆ ಬರುವ ಅತಿಥಿಯ ಜಾತಕ ಬದಲಾಯಿತು.

ಪ್ರವಾಸೋದ್ಯಮ ಕುಸಿದಿದೆ ಎಂಬ ಮಾತನ್ನು ಮೈಸೂರಿನ ಹೋಟೆಲ್ ಮಾಲೀಕರು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಕೇಳಿದವರಿಗೆ ಆಶ್ಚರ್ಯವಾಗುವುದು ಸಹಜ. ರಜಾದಿನಗಳಲ್ಲಿ ಅರಮನೆಯ ಮುಂದೆ ಚಪ್ಪಲಿ ಬಿಡಲೂ ಸಾಲು. ಮೃಗಾಲಯದಲ್ಲಿ ಕಾಲಿಡಲು ಜಾಗವಿಲ್ಲ. ಚಾಮುಂಡಿ ಬೆಟ್ಟದಲ್ಲಿ ವಾಹನ ನಿಲ್ಲಿಸಲು ಸ್ಥಳವಿಲ್ಲ. ಹಾಗಾದರೆ ಕುಸಿದದ್ದು ಏನು? ಕುಸಿದದ್ದು ಬರುವವರ ಸಂಖ್ಯೆಯಲ್ಲ, ಅವರು ಇಲ್ಲಿ ಕಳೆಯುವ ರಾತ್ರಿಗಳು. ಬೆಳಗ್ಗೆ ಬಂದು ಸಂಜೆಗೆ ಮರಳುವ ಪ್ರವಾಸಿ ಟಿಕೆಟ್ಟಿಗೆ ದುಡ್ಡು ಕೊಡುತ್ತಾನೆ, ಒಂದು ಊಟ ಮಾಡುತ್ತಾನೆ. ರಾತ್ರಿ ತಂಗುವವನು ಕೋಣೆಗೆ, ಎರಡು ಹೊತ್ತಿನ ಊಟಕ್ಕೆ, ಆಟೋಗೆ, ಟಾಂಗಾಗೆ, ಮರುದಿನ ಬೆಳಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ಕೊಳ್ಳುವ ಹೂವು, ಊದುಬತ್ತಿಗೆ ಹಣ ಬಿಚ್ಚುತ್ತಾನೆ. ಊರಿಗೆ ಉದ್ಯೋಗ ಕೊಡುವವನು ಎರಡನೆಯವನು.

ಹಳೆಯ ಮೈಸೂರಿನ ಆತಿಥ್ಯವೆಲ್ಲ ಅತಿಥಿ ಉಳಿಯುತ್ತಾನೆಂಬ ಲೆಕ್ಕದ ಮೇಲೆಯೇ ನಿಂತಿತ್ತು. ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ 1889ರಲ್ಲಿ ಮೈಸೂರಿಗೆ ಬಂದ. ಮುಂದೆ ಐದನೇ ಜಾರ್ಜ್ ದೊರೆಯಾದ ರಾಜಕುಮಾರ 1906ರಲ್ಲಿ, ಅವನ ಮಗ ಎಡ್ವರ್ಡ್ 1922ರಲ್ಲಿ ಬಂದರು. ಅವರ ಹಿಂದೆ ವೈಸರಾಯಿಗಳು, ಗವರ್ನರುಗಳು, ಅವರ ನೆಂಟರಿಷ್ಟರು. ಇವರನ್ನು ಇಳಿಸಲೆಂದೇ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಲಲಿತಮಹಲಿಗೆ ಅಡಿಗಲ್ಲಿಟ್ಟರು. ಯಾದವಗಿರಿಯಿಂದ ನಡೆದೇ ಹೋಗಬಹುದಾದ ಮೆಟ್ರೋಪೋಲ್ ಕೂಡ ಸುಮಾರು ಅದೇ ಕಾಲದಲ್ಲಿ ಬ್ರಿಟಿಷ್ ಅತಿಥಿಗಳಿಗಾಗಿ ಎದ್ದ ಕಟ್ಟಡ. ದಸರೆಯಲ್ಲಿ ಯೂರೋಪಿಯನ್ನರಿಗೆಂದೇ ಪ್ರತ್ಯೇಕ ದರ್ಬಾರು ನಡೆಯುತ್ತಿತ್ತು. ಜನಸಾಮಾನ್ಯರಿಗೆ ನಂಜರಾಜ ಬಹದ್ದೂರ್ ಛತ್ರದಂಥ ತಂಗುದಾಣಗಳಿದ್ದವು. ಅದಕ್ಕಿಂತ ಹೆಚ್ಚಾಗಿ ನೆಂಟರ ಮನೆಯ ಜಗಲಿ, ನಡುಮನೆಗಳಿದ್ದವು. ದಸರೆಗೆ ಮೈಸೂರಿಗೆ ಹೋಗುವುದೆಂದರೆ ಮಕ್ಕಳುಮರಿಯೊಂದಿಗೆ ಹಾಸಿಗೆ ಕಟ್ಟಿಕೊಂಡು ಹೋಗುವುದೆಂದೇ ಅರ್ಥ.

ದೊಡ್ಡ ಅತಿಥಿಗಳನ್ನು ಸೆಳೆಯುತ್ತಿದ್ದ ಇನ್ನೊಂದು ಆಕರ್ಷಣೆ ಕಾಕನಕೋಟೆಯ ಖೆಡ್ಡಾ. ನೂರಾರು ಮಂದಿ ಸೋಗುವವರು ಆನೆಗಳ ಹಿಂಡನ್ನು ಕಾಡಿನಲ್ಲಿ ಸುತ್ತುವರಿದು, ದಿನಗಟ್ಟಲೆ ತಮಟೆ, ಪಂಜುಗಳಿಂದ ಅಟ್ಟಿ, ಕಬಿನಿ ಹೊಳೆಯನ್ನು ಹಾಯಿಸಿ ಮರದ ಕೋಟೆಯೊಳಗೆ ಸೇರಿಸುತ್ತಿದ್ದರು. 1870ರ ದಶಕದಲ್ಲಿ ಚಾಮರಾಜನಗರದ ಕಡೆ ಸ್ಯಾಂಡರ್ಸನ್ ಎಂಬ ಅಧಿಕಾರಿ ಆರಂಭಿಸಿದ ಈ ಪದ್ಧತಿ ಕಾಕನಕೋಟೆಯಲ್ಲಿ ಒಂದು ರಾಜೋತ್ಸವವೇ ಆಯಿತು. ಅತಿಥಿಗಳಿಗೆ ಕಾಡಿನಲ್ಲೇ ಡೇರೆ, ಊಟ, ಮಂಚಿಕೆ. ಆನೆಗೆ ಹಿಂಸೆಯಾಗುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಇಂದು ಯಾರೂ ಅದನ್ನು ಮರಳಿ ಬೇಡುವುದಿಲ್ಲ. ಆದರೆ ಮೈಸೂರೆಂದರೆ ಆನೆಗಳ ನಾಡು ಎಂಬ ಚಿತ್ರವನ್ನು ಜಗತ್ತಿನ ಕಣ್ಣಲ್ಲಿ ಕೂರಿಸಿದ್ದು ಅದೇ. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಇಲ್ಲಿನ ಕಾಡಿನಲ್ಲೇ ಚಿತ್ರಣಗೊಂಡಿತು. ಕಾರಾಪುರದ ಮಾವುತನ ಮಗ ಸಾಬು ಆ ಚಿತ್ರದಿಂದ ಹಾಲಿವುಡ್ಡಿನವರೆಗೆ ಹೋದ. ಸರ್ಕಾರ ಎಷ್ಟು ದುಡ್ಡು ಸುರಿದರೂ ಸಿಗದ ಪ್ರಚಾರ ಅದು.

ಮಿರ್ಜಾ ಅವರ ಬುದ್ಧಿವಂತಿಕೆ ಬೇರೆ ರೀತಿಯದು. ಕನ್ನಂಬಾಡಿ ಕಟ್ಟೆಯ ಕೆಳಗೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಅವರು ಬೃಂದಾವನವನ್ನು ಬೆಳೆಸಿದರು. ವಿಶೇಷವೆಂದರೆ ಅಲ್ಲಿನ ಸೊಬಗು ಕಾಣುವುದು ಕತ್ತಲಾದ ಮೇಲೆ. ಬಣ್ಣದ ಕಾರಂಜಿಗಳನ್ನು ನೋಡಬೇಕಾದರೆ ದೀಪ ಹತ್ತುವವರೆಗೆ ಕಾಯಬೇಕು. ನೋಡಿ ಮುಗಿಯುವ ಹೊತ್ತಿಗೆ ಊರಿಗೆ ಮರಳುವ ವೇಳೆ ಮೀರಿರುತ್ತಿತ್ತು. ತೋಟದ ಮಗ್ಗುಲಲ್ಲೇ ಹೋಟೆಲೂ ಎದ್ದಿತು. ಭಾನುವಾರದ ಸಂಜೆ ಸುಮಾರು ಒಂದು ಲಕ್ಷ ದೀಪಗಳಿಂದ ಬೆಳಗುವ ಅರಮನೆಯೂ ಇದೇ ಕೆಲಸ ಮಾಡುತ್ತಿತ್ತು. ಪ್ರವಾಸಿಯನ್ನು ಕತ್ತಲಾಗುವವರೆಗೆ ಹಿಡಿದಿಟ್ಟುಕೊಂಡರೆ ಉಳಿದದ್ದನ್ನು ದೂರವೇ ನೋಡಿಕೊಳ್ಳುತ್ತಿತ್ತು.

1971 ಈ ಕಥೆಯ ತಿರುವು. ಆ ವರ್ಷ ಸಂವಿಧಾನದ 26ನೇ ತಿದ್ದುಪಡಿಯಿಂದ ರಾಜರ ಮಾನ್ಯತೆ, ರಾಜಧನ ಎರಡೂ ಹೋದವು. ಅದೇ ವರ್ಷ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆಮೇಲೆ ಕಬಿನಿ ಜಲಾಶಯ ತುಂಬಿ ಹಳೆಯ ಕಾಡಿನ ದೊಡ್ಡ ಭಾಗ ಮುಳುಗಿತು. ಜಂಬೂಸವಾರಿಯ ಚಿನ್ನದ ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಜಾಗದಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬಂತು. ದಸರೆ ನಾಡಹಬ್ಬವಾಗಿ ಉಳಿದದ್ದು ಸಂತೋಷವೇ. ಆದರೆ ಅತಿಥಿಯನ್ನು ಕರೆದು, ಇಳಿಸಿ, ಉಣ್ಣಿಸಿ ಕಳುಹಿಸುತ್ತಿದ್ದ ಮನೆಯ ಯಜಮಾನ ಇಲ್ಲವಾದ. ಅವನ ಸ್ಥಾನಕ್ಕೆ ಹಲವು ಇಲಾಖೆಗಳು ಬಂದವು. ಹಬ್ಬ ಬಂದಾಗ ಅವು ಎಚ್ಚರಗೊಳ್ಳುತ್ತವೆ.

ಇಲ್ಲಿ ರಾಜಸ್ಥಾನದ ಮಾತು ಬರಲೇಬೇಕು. ಅಲ್ಲಿನ ರಾಜಮನೆತನಗಳಿಗೂ ಇದೇ ಗತಿ ಬಂದಿತ್ತು. ಆದರೆ ಜಯಪುರದವರು 1957ರಷ್ಟು ಹಿಂದೆಯೇ ರಾಮಬಾಗ್ ಅರಮನೆಯನ್ನು ಹೋಟೆಲಾಗಿಸಿದ್ದರು. ಉದಯಪುರದ ಸರೋವರದ ನಡುವಣ ಅರಮನೆ 1963ರಲ್ಲಿ ಹೋಟೆಲಾಯಿತು. 1982ರಲ್ಲಿ 'ಪ್ಯಾಲೇಸ್ ಆನ್ ವೀಲ್ಸ್' ರೈಲು ಹೊರಟಿತು. ನಮ್ಮ 'ಗೋಲ್ಡನ್ ಚಾರಿಯಟ್' ಹಳಿ ಹತ್ತಿದ್ದು 2008ರಲ್ಲಿ. ಮೈಸೂರಿನ ಅರಮನೆಗಳ ಹಣೆಬರಹವೇ ಬೇರೆ. ಚೆಲುವಾಂಬ ಮಹಲು 1950ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವಾಯಿತು. ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾನಿಲಯದ ಪಾಲಾಯಿತು. ಕಾರಂಜಿ ಮಹಲು ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಲಲಿತಮಹಲು ಮಾತ್ರ 1974ರಲ್ಲಿ ಕೇಂದ್ರದ ಪ್ರವಾಸೋದ್ಯಮ ನಿಗಮದ ಕೈಯಲ್ಲಿ ಹೋಟೆಲಾಗಿ, 2018ರಲ್ಲಿ ರಾಜ್ಯ ಸರ್ಕಾರಕ್ಕೆ ಮರಳಿತು. ಮೆಟ್ರೋಪೋಲ್ ಕಳೆದ ಶತಮಾನದ ಕೊನೆಯಲ್ಲಿ ಬಾಗಿಲು ಮುಚ್ಚಿ, ಕೆಲವು ವರ್ಷ ಹಾಗೇ ಬಿದ್ದಿದ್ದು, ಆಮೇಲೆ ಮತ್ತೆ ತೆರೆಯಿತು. ಇದನ್ನೆಲ್ಲ ನಷ್ಟವೆಂದು ಕರೆಯಲು ನನಗೆ ಮನಸ್ಸು ಬಾರದು. ಎಮ್ಮೆಯ ಹಾಲಿನಿಂದ ಮಗುವಿನ ಆಹಾರ ತಯಾರಿಸುವ ವಿಧಾನ ಹೊರಬಂದದ್ದು ಆ ಸಂಶೋಧನಾಲಯದಿಂದಲೇ. ಹೋಟೆಲಾಗಿದ್ದರೆ ಬಹುಶಃ ಒಳ್ಳೆಯ ಕಾಫಿ ಸಿಗುತ್ತಿತ್ತು, ಅಷ್ಟೆ. ಮೈಸೂರು ತನ್ನ ಮಹಲುಗಳನ್ನು ಓದಿಗೆ, ಸಂಶೋಧನೆಗೆ ಕೊಟ್ಟಿತು. ಪ್ರವಾಸಿಗೆ ಕೊಡಲು ಅವು ಉಳಿಯಲಿಲ್ಲ, ಅವುಗಳ ಬದಲಿಗೆ ಬೇರೇನನ್ನೂ ಯೋಚಿಸಲಿಲ್ಲ.

ನಾರಾಯಣರ 'ದಿ ಗೈಡ್' ಕಾದಂಬರಿಗೂ ಇದೇ ಗಾಳಿ ತಾಗಿತು. 1958ರಲ್ಲಿ ಬಂದ ಆ ಕಾದಂಬರಿಯ ನಾಯಕ ರೈಲು ನಿಲ್ದಾಣದಲ್ಲಿ ಪ್ರವಾಸಿಗಳನ್ನು ಹಿಡಿಯುವ ಗೈಡ್ ರಾಜು. ಅದನ್ನು ಚಲನಚಿತ್ರ ಮಾಡಹೊರಟವರಿಗೆ ಲೇಖಕರು ಮೈಸೂರಿನ ಸುತ್ತಲ ಸ್ಥಳಗಳನ್ನು ಖುದ್ದಾಗಿ ತೋರಿಸಿದರು. ಆದರೆ 1965ರ ಆ ಹಿಂದಿ ಚಿತ್ರದಲ್ಲಿ ಕಾಣುವುದು ಉದಯಪುರ, ಚಿತ್ತೋರಗಡ. ಇದರ ಬಗ್ಗೆ ಅವರು ಕುಟುಕುತ್ತ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಮುಂದೆ ಶಂಕರನಾಗ್ 'ಮಾಲ್ಗುಡಿ ಡೇಸ್' ತೆಗೆದದ್ದು ಆಗುಂಬೆಯಲ್ಲಿ. 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾದದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ. ಆ ಕಥೆಗಾರನ ಯಾದವಗಿರಿಯ ಮನೆಯನ್ನೋ 2011ರಲ್ಲಿ ಕೆಡವಲು ಶುರುಮಾಡಿಯೇ ಆಗಿತ್ತು. ಗುಲ್ಲೆದ್ದ ಮೇಲೆ ಕೆಲಸ ನಿಂತು, ಮಹಾನಗರಪಾಲಿಕೆ ಅದನ್ನು ಕೊಂಡು, 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಎಲ್ಲವೂ ಹೀಗೆ ಕಾಪಾಡಲ್ಪಡಲಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಅರಮನೆಯಷ್ಟೇ ಮೈಸೂರಲ್ಲ, ಎರಡನೇ ದಿನ ನೋಡಬೇಕಾದ ಮೈಸೂರು ಇರುವುದು ಇಂಥ ಬೀದಿಗಳಲ್ಲಿ.

ಹೊರಗಿನ ಪೆಟ್ಟುಗಳೂ ಬಿದ್ದಿವೆ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ ಗಲಭೆ ಭುಗಿಲೆದ್ದಿತು. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡ. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಕಾವೇರಿ. ಪ್ರತಿಸಲವೂ ಗಡಿಯಲ್ಲಿ ಬಸ್ಸು ನಿಲ್ಲುತ್ತಿತ್ತು; ಮೈಸೂರು, ಊಟಿ ಎರಡನ್ನೂ ಕೂಡಿಸಿ ಹೊರಟವರು ಪ್ರಯಾಣ ರದ್ದುಮಾಡುತ್ತಿದ್ದರು. ಬೃಂದಾವನವಿರುವುದು ಅಣೆಕಟ್ಟಿನ ಬುಡದಲ್ಲೇ ಆದ್ದರಿಂದ ಜಗಳದ ಮೊದಲ ಬಿಸಿ ಅದಕ್ಕೇ. (2022ರ ನವೆಂಬರಿನಲ್ಲಿ ಮಾತ್ರ ಅದನ್ನು ಕೆಲವು ವಾರ ಮುಚ್ಚಿಸಿದ್ದು ಕಾವೇರಿಯಲ್ಲ, ಒಂದು ಚಿರತೆ.) ಈ ಪೆಟ್ಟುಗಳು ಆಯಾ ವರ್ಷದ್ದು, ಊರು ಚೇತರಿಸಿಕೊಳ್ಳುತ್ತಿತ್ತು. 2020ರ ಕೊರೋನಾ ಕೂಡ ಹಾಗೆಯೇ ಕಳೆಯಿತು. ಚೇತರಿಕೆಯಾಗದೆ ಉಳಿದದ್ದು ಬೇರೆ.

ಆನೆಯನ್ನೇ ತೆಗೆದುಕೊಳ್ಳಿ. ಆನೆ ನೋಡಲು ಬರುವವನು ಹಿಂದೆ ಮೈಸೂರಿನಲ್ಲಿ ಇಳಿದು, ಇಲ್ಲಿಂದ ಕಾಡಿಗೆ ಹೋಗಿ, ಇಲ್ಲಿಗೇ ಮರಳುತ್ತಿದ್ದ. 1980ರ ದಶಕದಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಕಾರಾಪುರದಲ್ಲೇ ವಸತಿ ತೆರೆಯಿತು. ಆಮೇಲೆ ಕಬಿನಿಯ ದಂಡೆಯಲ್ಲಿ ರೆಸಾರ್ಟುಗಳು ಸಾಲುಗಟ್ಟಿದವು. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಹೊರಟ ಕಾರು ಮೈಸೂರಿನ ಹೊರವರ್ತುಲ ರಸ್ತೆ ಹಿಡಿದು ನೇರ ಅಲ್ಲಿಗೇ ಹೋಗುತ್ತದೆ. ಕೊಡಗಿಗೆ ಹೋಗುವವರದೂ ಇದೇ ಹಾದಿ. 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧ ಬಂತು. ಕಾಡಿಗೆ ಅದು ಅಗತ್ಯವಾಗಿತ್ತು. ಕತ್ತಲಾಗುವ ಮುಂಚೆ ಕಾಡು ದಾಟಬೇಕಾದವರು ಮಧ್ಯಾಹ್ನದ ಊಟ ಮುಗಿಸುತ್ತಿದ್ದಂತೆ ಗಡಿಯಾರ ನೋಡತೊಡಗಿದರು.

ಇನ್ನು ದಾರಿ. 1880ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಬಂದ ಮೀಟರ್‌ಗೇಜ್ ರೈಲು ಅತಿಥಿಗಳನ್ನು ತಂದಿತ್ತು. ಯಾದವಗಿರಿಯ ಸಮೀಪದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನು ಇಂದಿಗೂ ನಿಂತಿದೆ, ಅಡುಗೆಮನೆ ಸಮೇತ. ಪ್ರಯಾಣವೆಂದರೆ ಎಷ್ಟು ಹೊತ್ತಿನ ವ್ಯವಹಾರವಾಗಿತ್ತು ಎಂಬುದಕ್ಕೆ ಆ ಅಡುಗೆಮನೆಯೇ ಸಾಕ್ಷಿ. 2022ರ ನವೆಂಬರಿನಲ್ಲಿ ಬಂದ ವಂದೇ ಭಾರತ್ ರೈಲಿಗೆ ಬೆಂಗಳೂರು ಎರಡು ಗಂಟೆಯ ಹಾದಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿ.ಮೀ. ಹೆದ್ದಾರಿಯಲ್ಲಿ ಕಾರಿಗೆ ಒಂದೂವರೆ ಗಂಟೆ. ಕಾರಂಜಿ ನೋಡಿ, ಅರಮನೆಯ ದೀಪ ನೋಡಿ, ಮಲಗುವ ಹೊತ್ತಿಗೆ ಬೆಂಗಳೂರಿನ ಮನೆ ಸೇರಬಹುದು. ಮಿರ್ಜಾ ಅವರ ಲೆಕ್ಕ ತಪ್ಪಿದ್ದು ಇಲ್ಲಿ. ಹಾಗೆಂದು ತಪ್ಪೆಲ್ಲವನ್ನೂ ಹೆದ್ದಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಶ್ರೀರಂಗಪಟ್ಟಣ, ಅರಮನೆ, ಬೆಟ್ಟ, ಮೃಗಾಲಯ, ಬೃಂದಾವನ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸಿ, ನಡುರಾತ್ರಿಯ ಹೊತ್ತಿಗೆ ಬೆಂಗಳೂರಿಗೆ ಮರಳಿಸುವ ಬಸ್ಸುಗಳನ್ನು ಸರ್ಕಾರದ ಪ್ರವಾಸೋದ್ಯಮ ನಿಗಮವೇ ಬಹಳ ಹಿಂದಿನಿಂದ ಓಡಿಸುತ್ತಿತ್ತು. ಮೈಸೂರು ಒಂದು ದಿನದ ಊರು ಎಂದು ಪ್ರವಾಸಿಗೆ ಕಲಿಸಿದವರು ನಾವೇ. ಆ ಒಂದು ದಿನದಲ್ಲೂ ಅವನ ಒಂದು ಗಂಟೆಯನ್ನು ಕಮಿಷನ್ ಕೊಡುವ ರೇಷ್ಮೆ, ಗಂಧದ ಅಂಗಡಿಗೆ ದಾಟಿಸುವ ಗೈಡುಗಳು, ಚಾಲಕರು ಇದ್ದೇ ಇದ್ದಾರೆ. ರಾಜುವಿನ ವಂಶ ಮುಗಿದಿಲ್ಲ.

ಯಾದವಗಿರಿಯ ನೆರೆಯಲ್ಲೇ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯಿದೆ. 1930ರ ದಶಕದಲ್ಲಿ ನಾಲ್ವಡಿಯವರು ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರಿಗೆ ಯೋಗಶಾಲೆ ನಡೆಸಲು ನೆರವಾದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಮೊದಲು ಲಕ್ಷ್ಮೀಪುರಂನಲ್ಲಿ, ಆಮೇಲೆ ಗೋಕುಲಂನಲ್ಲಿ ಕಲಿಸಿದರು, 2009ರಲ್ಲಿ ತೀರಿಕೊಂಡರು. ಯೂರೋಪು, ಅಮೆರಿಕ, ಜಪಾನುಗಳಿಂದ ಗೋಕುಲಂಗೆ ಬರುವವರು ಒಂದು ತಿಂಗಳು, ಎರಡು ತಿಂಗಳು ನಿಲ್ಲುತ್ತಾರೆ. ಅವರಿಗಾಗಿ ಯಾವ ಕಾರಂಜಿಯನ್ನೂ ಕಟ್ಟಿಸಿದವರಿಲ್ಲ. ನಸುಕಿನಲ್ಲಿ ಅಭ್ಯಾಸ ಮುಗಿಸಿ, ಎಳನೀರು ಕುಡಿದು, ಬಾಡಿಗೆ ಸ್ಕೂಟರಿನಲ್ಲಿ ಮಾರುಕಟ್ಟೆಗೆ ಹೋಗಿ ಸೊಪ್ಪು ಕೊಂಡು ಬರುತ್ತಾರೆ. ಮಹಡಿಯ ಕೋಣೆಗಳನ್ನು ಅವರಿಗೆ ತಿಂಗಳ ಬಾಡಿಗೆಗೆ ಕೊಟ್ಟು, ಅದರಿಂದಲೇ ಸಂಸಾರ ತೂಗಿಸಿದ ಮನೆಗಳು ಅಲ್ಲಿವೆ. 2020ರಲ್ಲಿ ವಿಮಾನಗಳು ನಿಂತಾಗ ಆ ಕೋಣೆಗಳೆಲ್ಲ ಖಾಲಿಯಾಗಿದ್ದವು. ಮತ್ತೆ ವಿಮಾನಗಳು ಹಾರತೊಡಗಿದ ಮೇಲೆ ಒಬ್ಬೊಬ್ಬರಾಗಿ ಮರಳಿದರು.