ಕೌಂಟರ್‌ಫೀಟ್
ಲ್ಯಾಟಿನ್ನಿನ ‘ಕೊಂತ್ರಾ’ (ಎದುರಾಗಿ), ‘ಫಾಕೆರೆ’ (ಮಾಡು) ಎಂಬ ಪದಗಳ ಸಂಯೋಗದಿಂದ ಜನಿಸಿ, ಪ್ರಾಚೀನ ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿ, ಖೋಟಾ ನಾಣ್ಯಕ್ಕೆ ವಿಶೇಷಣವಾಗಿ ಬಹುಕಾಲ ಬಾಳಿದ ಈ ಶಬ್ದಕ್ಕೆ ಒಮಾಹಾ ಹೈ-ಲೋ ಎಂಬ ಪೋಕರ್ ಪ್ರಭೇದದಲ್ಲಿ ಒದಗಿರುವ ಅರ್ಥವು ನಿಜಕ್ಕೂ ಸ್ವಾರಸ್ಯವಾದುದು. ಪಣದ ಅರ್ಧಭಾಗವು 8ನ್ನು ಮೀರದ, ಪರಸ್ಪರ ಭಿನ್ನವಾದ ಐದೆಲೆಗಳ ಕನಿಷ್ಠ ಕೂಟಕ್ಕೆ ಸಲ್ಲುವ ಈ ಆಟದಲ್ಲಿ, ಕೈಯ ನಾಲ್ಕೆಲೆಗಳಿಂದ ಎರಡನ್ನೂ ನಡುವಣ ಐದರಿಂದ ಮೂರನ್ನೂ ತಪ್ಪದೆ ಬಳಸಬೇಕಾದುದರಿಂದ, ಎಕ್ಕ, 2, ರಾಜ, ರಾಣಿಗಳನ್ನು ಹಿಡಿದವನು, ನಡುವೆ 4, 7, 8 ಬಿದ್ದಾಗ ಆ ಅರ್ಧದ ಮಟ್ಟಿಗೆ ಅಜೇಯನೆಂದು ತೋರಿದರೂ, ಮುಂದೆ ಮತ್ತೊಂದು 2 ಬಿದ್ದೊಡನೆ ಅವನ ಕೈಯ 2 ನಿಷ್ಪ್ರಯೋಜಕವಾಗಿ, ಎಕ್ಕ-3 ಹಿಡಿದವನು ಅವನನ್ನು ಮೀರುವನು. ಇದೇ ಕೌಂಟರ್‌ಫೀಟ್ ಆಗುವುದು. ಆದುದರಿಂದಲೇ ಬರಿಯ ಎಕ್ಕ-2ಕ್ಕಿಂತ ಎಕ್ಕ-2-3ನ್ನು ನಾನು ಎಷ್ಟೋ ಮಿಗಿಲೆಂದೆಣಿಸುವೆನು: 2 ಕೆಟ್ಟರೆ ಎಕ್ಕ-3, ಎಕ್ಕ ಕೆಟ್ಟರೆ 2-3 ಉಳಿದು ಕಾಯುತ್ತವೆ. ಅಷ್ಟಾದರೂ ಅದೇ ಜೋಡಿ ಎದುರಾಳಿಯಲ್ಲಿಯೂ ಇದ್ದಲ್ಲಿ ಪಣದ ಕಾಲುಭಾಗವಷ್ಟೇ ಪಾಲಿಗೆ ಬರುವುದರಿಂದ, ಗರಿಷ್ಠ ಕೂಟಕ್ಕೆ ಸಲ್ಲುವ ಉಳಿದರ್ಧಕ್ಕೂ ನೆರವಾಗುವಂತೆ ಎಕ್ಕದೊಡನೆ ಅದೇ ಜಾತಿಯ ಇನ್ನೊಂದೆಲೆ ಇರುವುದು ಶ್ರೇಯಸ್ಕರ.