ಎಂಟು ಸೋಲು, ಎಂಟು ಗೆಲುವು: ಬೆಂಗಳೂರು ಫುಟ್‌ಬಾಲ್ ಕಂಡ ಒಂದು ಸೀಸನ್

2022ರ ಡಿಸೆಂಬರ್ 30ರಂದು ಕೋಲ್ಕತ್ತಾದಲ್ಲಿ ಬೆಂಗಳೂರು ಎಫ್‌ಸಿ ತಂಡ ಈಸ್ಟ್ ಬೆಂಗಾಲ್ ಎದುರು 1-2ರಿಂದ ಸೋತಿತು. ಎದುರಾಳಿಯ ಎರಡೂ ಗೋಲು ಹೊಡೆದವರು ಬ್ರೆಜಿಲಿನ ಕ್ಲೇಟನ್ ಸಿಲ್ವಾ. ಅವರು ಹಿಂದಿನ ಸೀಸನ್ನಿನಲ್ಲಿ ಬೆಂಗಳೂರಿನದೇ ನೀಲಿ ಅಂಗಿ ತೊಟ್ಟು ಆಡಿದವರು. ಎರಡನೇ ಗೋಲು ಬಿದ್ದದ್ದು ಇನ್ನೇನು ಆಟ ಮುಗಿಯಿತು ಅನ್ನುವಾಗ. ಗಾಯದ ಮೇಲೆ ಬರೆ ಎಳೆದ ಹಾಗೆ.

ಅಷ್ಟು ಹೊತ್ತಿಗೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು 12 ಪಂದ್ಯ ಆಡಿತ್ತು. ಗೆದ್ದಿದ್ದು 3, ಸಮ 1, ಸೋತಿದ್ದು 8. ಗೆದ್ದರೆ 3 ಪಾಯಿಂಟ್, ಸಮವಾದರೆ 1. ಒಟ್ಟು ಕೈಯಲ್ಲಿದ್ದದ್ದು 10 ಪಾಯಿಂಟ್. ಹನ್ನೊಂದು ತಂಡಗಳ ಪಟ್ಟಿಯಲ್ಲಿ ಹೆಸರು ಹುಡುಕಬೇಕಾದರೆ ಮೊಬೈಲ್ ಪರದೆಯನ್ನು ಕೆಳಕ್ಕೆ ಎಳೆಯಬೇಕಿತ್ತು.

ಪ್ಲೇಆಫ್ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ತಂಡ ಲೀಗ್‌ನಲ್ಲಿ 20 ಪಂದ್ಯ ಆಡಬೇಕಿತ್ತು. ಮೊದಲೆಲ್ಲ ಪಟ್ಟಿಯ ಮೇಲಿನ ನಾಲ್ಕು ತಂಡಗಳಿಗೆ ಮಾತ್ರ ಮುಂದಿನ ಸುತ್ತು. 2022-23ರಿಂದ ಅದನ್ನು ಆರಕ್ಕೆ ಏರಿಸಿದರು. ಆಗ ಮೊದಲೆರಡು ತಂಡಗಳು ನೇರ ಸೆಮಿಫೈನಲ್‌ಗೆ. ಮೂರರಿಂದ ಆರನೇ ಸ್ಥಾನದವರು ಒಂದೇ ಪಂದ್ಯದ ನಾಕೌಟ್ ಆಡಬೇಕಿತ್ತು. ಸೋತವರು ಮನೆಗೆ. ನಮ್ಮೂರ ಕಬಡ್ಡಿ ಟೂರ್ನಮೆಂಟ್ ನೋಡಿದವರಿಗೆ ಇದರಲ್ಲಿ ಹೊಸದೇನಿಲ್ಲ.

ಉಳಿದದ್ದು 8 ಪಂದ್ಯ. ಆರರಲ್ಲಾದರೂ ಗೆಲ್ಲದೆ ಏನೂ ಆಗದು ಎಂದು ಲೆಕ್ಕ ಬಲ್ಲ ಅಭಿಮಾನಿಗಳು ಹೇಳುತ್ತಿದ್ದರು. ಹನ್ನೆರಡರಲ್ಲಿ ಮೂರು ಗೆದ್ದವರು ಎಂಟರಲ್ಲಿ ಆರು ಗೆಲ್ಲುವುದುಂಟೆ? ಆ ಲೆಕ್ಕದಲ್ಲಿ ಆಸೆಗಿಂತ ಕುಹಕವೇ ಜಾಸ್ತಿ ಇತ್ತು.

ಮುಂದೆ ಆದದ್ದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ತಂಡ ಪ್ಲೇಆಫ್‌ಗೆ ಹೋದರೆ ಜನ ಯಾಕೆ ಕಣ್ಣೀರು ಹಾಕುತ್ತಾರೆ ಅನ್ನುವುದು ಆ ಸೀಸನ್ನಿನ ಅಂಕಿಅಂಶದಲ್ಲಿ ಮಾತ್ರ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರೂರಿದ್ದು ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದರು, ಅವರ ಸುತ್ತ ದುಡಿಯುತ್ತಿದ್ದ ಕುಟುಂಬಗಳ ಮಕ್ಕಳು ನೋಡುತ್ತಿದ್ದರು, ಆಮೇಲೆ ತಾವೂ ಆಡಿದರು. ಹಲಸೂರಿನ ಪಕ್ಕದ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಇಂಥ ಬಡಾವಣೆಗಳು. ದೊಡ್ಡವರ ಬಂಗಲೆಗಳಲ್ಲ, ಕೂಲಿಕಾರರ ಸಾಲುಮನೆಗಳು. ಗೌತಮಪುರಕ್ಕೆ ಹೋದರೆ ಇವತ್ತಿಗೂ ಬೀದಿಯಲ್ಲಿ ಪೆಲೆ ಪ್ರತಿಮೆ ಕಾಣುತ್ತದೆ. ಊರಿನ ಬೇರೆ ಯಾವ ಮೂಲೆಯಲ್ಲೂ ಬ್ರೆಜಿಲಿನ ಒಬ್ಬ ಆಟಗಾರನಿಗೆ ಇಂಥ ಮರ್ಯಾದೆ ಸಿಕ್ಕಿದ್ದನ್ನು ನಾನು ನೋಡಿಲ್ಲ.

1937ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ಎಂಬ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. 1891ರಲ್ಲಿ ಶುರುವಾದ ಆ ಕಪ್ಪು ಅಲ್ಲಿವರೆಗೆ ಬ್ರಿಟಿಷ್ ಸೇನೆಯ ತಂಡಗಳ ಪಾಲಾಗುತ್ತಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಮರುವರ್ಷ ಮತ್ತೆ ಗೆದ್ದರು, ಮೊದಲನೆಯದು ಅದೃಷ್ಟ ಅನ್ನುವವರ ಬಾಯಿ ಮುಚ್ಚಿಸಲು ಎಂಬಂತೆ.

ಇನ್ನೊಂದು ವಿಷಯ ಹೇಳಲೇಬೇಕು. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಮೊದಲ ಗೋಲು ಹೊಡೆದದ್ದು 1948ರಲ್ಲಿ, ಲಂಡನ್‌ನಲ್ಲಿ, ಫ್ರಾನ್ಸ್ ಎದುರು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಪಂದ್ಯ ಅದು. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತೆವು. ಎರಡನೇ ಗೋಲು 1952ರಲ್ಲಿ, ಹೆಲ್ಸಿಂಕಿಯಲ್ಲಿ, ಯುಗೊಸ್ಲಾವಿಯ ಎದುರು. ಆ ದಿನ ನಾವು ತಿಂದದ್ದು 10 ಗೋಲು, ಹೊಡೆದದ್ದು ಒಂದು. ಆ ಒಂದನ್ನು ಹೊಡೆದವರು ಅಹ್ಮದ್ ಖಾನ್. ಅವರೂ ಬೆಂಗಳೂರಿನವರೇ.

ಈ ಅಹ್ಮದ್ ಖಾನ್ ಹೆಸರು ಮಾಡಿದ್ದು ಎಲ್ಲಿ? ಕೋಲ್ಕತ್ತಾದಲ್ಲಿ. ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ಐವರನ್ನು ಅಲ್ಲಿನ ಜನ 'ಪಂಚಪಾಂಡವರು' ಅನ್ನುತ್ತಿದ್ದರು, ಅವರಲ್ಲಿ ಇವರೊಬ್ಬರು. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದ ಬೆಂಗಳೂರಿನ ಅರುಮೈನಾಯಗಂ ಆಡಿದ್ದು ಮೋಹನ್ ಬಾಗಾನ್‌ಗೆ. ಕಾರ್ಲ್‌ಟನ್ ಚಾಪ್‌ಮನ್ ಕಾಲಕ್ಕೂ ಅದೇ ಕಥೆ: ಹುಟ್ಟಿದ್ದು ಬೆಂಗಳೂರು, ಹೆಸರು ಮಾಡಿದ್ದು ಈಸ್ಟ್ ಬೆಂಗಾಲ್‌ನಲ್ಲಿ, ಪಂಜಾಬಿನ ಜೆಸಿಟಿಯಲ್ಲಿ.

ಇಲ್ಲಿದ್ದದ್ದು ಎಚ್‌ಎಎಲ್, ಐಟಿಐನಂಥ ಕಾರ್ಖಾನೆ ತಂಡಗಳು. ಆಡುವ ಹುಡುಗನಿಗೆ ಅವು ನೌಕರಿ ಕೊಟ್ಟವು, ಅದು ಸಣ್ಣ ಉಪಕಾರವಲ್ಲ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ, ತಿಂಗಳ ಕೊನೆಗೆ ಸಂಬಳ. ಆದರೆ ಕಾರ್ಖಾನೆಯ ಗೇಟಿನ ಹೊರಗಿನವನು 'ಇದು ನನ್ನ ತಂಡ' ಎಂದು ಎದೆ ತಟ್ಟಿಕೊಳ್ಳುವುದು ಕಷ್ಟ. ಆಟಗಾರರಿದ್ದರು, ಆಟವಿತ್ತು, ಊರಿಗೊಂದು ತಂಡ ಇರಲಿಲ್ಲ. ಸೋತರೆ ಊಟ ಸೇರದೆ, ಗೆದ್ದರೆ ನಿದ್ದೆ ಬಾರದೆ ಇರಲು ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗೆ ಏನೂ ಇರಲಿಲ್ಲ ಅನ್ನುವುದು ನನ್ನ ಲೆಕ್ಕಾಚಾರ.

ಒಂದು ಇತ್ತು, ರಾಜ್ಯ ತಂಡ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68, 1968-69ರಲ್ಲಿ ನಾವು ನಾಲ್ಕು ಸಲ ಗೆದ್ದಿದ್ದೆವು. ಗಮನಿಸಿ, ನಾಲ್ಕೂ ಮೈಸೂರು ಎಂಬ ಹೆಸರಿನಲ್ಲಿ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. ಆ ಹೆಸರಿಗೆ ಒಂದು ಸಂತೋಷ್ ಟ್ರೋಫಿಯೂ ದಕ್ಕಲಿಲ್ಲ. 1975-76ರಲ್ಲಿ ಫೈನಲ್ ತಲುಪಿ ಬಂಗಾಳಕ್ಕೆ ಸೋತರು, ಆಮೇಲೆ ಫೈನಲ್ ಕೂಡ ಇಲ್ಲ.

2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ದುಡ್ಡು ಹಾಕಿದ್ದು ಜೆಎಸ್‌ಡಬ್ಲ್ಯು, ಅಂದರೆ ಬಳ್ಳಾರಿ ಕಡೆಯವರಿಗೆ ಉಕ್ಕಿನ ಕಾರ್ಖಾನೆಯಿಂದ ಗೊತ್ತಿರುವ ಕಂಪನಿ. ಮೊದಲ ವರ್ಷವೇ ಐ-ಲೀಗ್ ಚಾಂಪಿಯನ್. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. 2018-19ರಲ್ಲಿ ಐಎಸ್‌ಎಲ್ ಚಾಂಪಿಯನ್. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗ ಇಡೀ 90 ನಿಮಿಷ ನಿಂತೇ ಹಾಡುತ್ತಿತ್ತು. ಗೆಲ್ಲುವುದು ರೂಢಿಯಾಗಿಬಿಟ್ಟಿತ್ತು. ಗೆಲುವು ರೂಢಿಯಾದರೆ ಖುಷಿ ಸ್ವಲ್ಪ ಸಪ್ಪೆಯಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಕೋವಿಡ್ ಬಂತು. ಎರಡು ಸೀಸನ್ ಪೂರ್ತಿ ಗೋವಾದಲ್ಲಿ ನಡೆದವು, ಬೆಂಗಳೂರಿನ ಅಭಿಮಾನಿಗಳಿಗೆ ಕಂಠೀರವದ ಬಾಗಿಲು ಮುಚ್ಚಿತ್ತು. ತಂಡ ಒಮ್ಮೆ ಏಳನೇ ಸ್ಥಾನ, ಒಮ್ಮೆ ಆರನೇ ಸ್ಥಾನ. 2022ರಲ್ಲಿ ಜನ ಮತ್ತೆ ಕ್ರೀಡಾಂಗಣಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಗೆದ್ದು ಆಸೆ ಹುಟ್ಟಿಸಿದ ತಂಡ, ಲೀಗ್ ಶುರುವಾದ ಮೇಲೆ ಎಂಟು ಸಲ ಸೋತಿತು. ಕೋಚ್ ಸೈಮನ್ ಗ್ರೇಸನ್ ಅವರನ್ನು ಮನೆಗೆ ಕಳಿಸಿ ಎನ್ನುವ ಮಾತು ಕೇಳಿಬರುತ್ತಿತ್ತು.

ಈಗ ಜನವರಿಗೆ ಬರೋಣ. 6ನೇ ತಾರೀಕು ನಾರ್ತ್ಈಸ್ಟ್ ಯುನೈಟೆಡ್ ಎದುರು 2-1 ಗೆಲುವು. ಯಾರೂ ತಲೆ ಎತ್ತಿ ನೋಡಲಿಲ್ಲ, ಆ ತಂಡ ಪಟ್ಟಿಯ ತಳದಲ್ಲಿತ್ತು. ಒಡಿಶಾ ಎದುರು 3-1. ಜಮ್‌ಶೆಡ್‌ಪುರ ಎದುರು 3-0. ಚೆನ್ನೈಯಿನ್ ಎದುರು 3-1. ನಾಲ್ಕಾದ ಮೇಲೆ ಜನ ಪಟ್ಟಿ ನೋಡಲು ಶುರು ಮಾಡಿದರು. ಮೇಲಿನವರು ಯಾರ ಜೊತೆ ಆಡಬೇಕು, ಯಾರು ಸೋತರೆ ನಮಗೆ ಒಳ್ಳೆಯದು ಎಂಬ ಕೂಡಿ ಕಳೆಯುವ ಲೆಕ್ಕ. ಫೆಬ್ರವರಿಯಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2-1, ಕೇರಳ ಬ್ಲಾಸ್ಟರ್ಸ್ ಎದುರು 1-0.

ಫೆಬ್ರವರಿ 15, ಕಂಠೀರವ. ಎದುರಿಗೆ ಮುಂಬೈ ಸಿಟಿ. ಆ ಸೀಸನ್ನಿನಲ್ಲಿ 18 ಪಂದ್ಯ ಆಡಿ ಒಂದನ್ನೂ ಸೋಲದ ತಂಡ. ಬೆಂಗಳೂರು 2-1ರಿಂದ ಗೆದ್ದಿತು. ಪ್ಲೇಆಫ್ ಆಸೆ ಕುಹಕವಾಗಿ ಉಳಿಯಲಿಲ್ಲ. ಕೊನೆಯ ಲೀಗ್ ಪಂದ್ಯಕ್ಕೆ ಮೊದಲೇ ಸ್ಥಾನ ಗಟ್ಟಿಯಾಯಿತು.

ಕೊನೆಯ ಪಂದ್ಯ 23ಕ್ಕೆ, ಗೋವಾ ಎದುರು. ಅಲ್ಲೊಂದು ತಮಾಷೆ ಇದೆ. ಗೋವಾ ಗೆದ್ದಿದ್ದರೆ ಆರನೇ ಸ್ಥಾನಕ್ಕೆ ಬಾಗಿಲು ತೆರೆಯುತ್ತಿತ್ತು. ಬೆಂಗಳೂರು 3-1ರಿಂದ ಗೆದ್ದದ್ದರಿಂದ ಒಡಿಶಾ ಮೊದಲ ಸಲ ಪ್ಲೇಆಫ್ ತಲುಪಿತು, ಮೈದಾನಕ್ಕೆ ಇಳಿಯದೆಯೇ. ಆ ರಾತ್ರಿ ಭುವನೇಶ್ವರದವರು ಬೆಂಗಳೂರಿನ ಗೋಲುಗಳಿಗೆ ಕುಣಿದಿರಬೇಕು. 12 ಪಂದ್ಯಕ್ಕೆ 10 ಪಾಯಿಂಟ್ ಇದ್ದ ಬೆಂಗಳೂರಿಗೆ 20 ಪಂದ್ಯಕ್ಕೆ 34 ಪಾಯಿಂಟ್, ನಾಲ್ಕನೇ ಸ್ಥಾನ. ಹಳೇ ನಿಯಮ ಇದ್ದಿದ್ದರೂ ಸೀಟು ಸಿಗುತ್ತಿತ್ತು. ಆದ್ದರಿಂದ ನಿಯಮ ಸಡಿಲ ಮಾಡಿದ್ದಕ್ಕೆ ಬಂದರು ಅನ್ನುವವರ ಮಾತಿಗೆ ಬೆಲೆ ಇಲ್ಲ.

ಏನು ಬದಲಾಯಿತು? ಶಿವಶಕ್ತಿ ನಾರಾಯಣನ್ ಎಂಬ ತಮಿಳುನಾಡಿನ ಹುಡುಗ, ಫಿಜಿ ದೇಶದ ರಾಯ್ ಕೃಷ್ಣ ಜೊತೆ ಮುಂದೆ ಆಡತೊಡಗಿದ. ಜಾಗ ಬಿಟ್ಟುಕೊಟ್ಟವರು ಸುನಿಲ್ ಛೆಟ್ರಿ. ಭಾರತ ತಂಡದ ನಾಯಕ, ದೇಶಕ್ಕೆ ಅತಿ ಹೆಚ್ಚು ಗೋಲು ಹೊಡೆದವರು, ವಯಸ್ಸು 38. ಬೆಂಚಿನ ಮೇಲೆ ಕೂತು ಎರಡನೇ ಅರ್ಧದಲ್ಲಿ ಇಳಿಯುವುದು ಅವರ ಪಾಲಿಗೆ ಬಂತು. ಊರಲ್ಲಿ ಹಿರಿಯರು ಯಜಮಾನಿಕೆ ಬಿಟ್ಟುಕೊಡುವುದನ್ನು ನೋಡಿದವರಿಗೆ ಅದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತು.

ಮಾರ್ಚ್ 3, ನಾಕೌಟ್. ಮತ್ತೆ ಕೇರಳ ಬ್ಲಾಸ್ಟರ್ಸ್, ಮತ್ತೆ ಕಂಠೀರವ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ 96ನೇ ನಿಮಿಷಕ್ಕೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ಸಿದ್ಧರಿರಲಿಲ್ಲ. ಬದಲಿಯಾಗಿ ಬಂದಿದ್ದ ಛೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಬಲೆಯೊಳಗೆ ಹಾಕಿಬಿಟ್ಟರು. ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ಕೋಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದರು, ಅವರು ವಾಪಸ್ ಬರಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು. ಆಮೇಲೆ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು.

ಇದು ಮೋಸವೇ? ಫ್ರೀ ಕಿಕ್ ಸಿಕ್ಕವರು ಸೀಟಿಗೆ ಕಾಯದೆ ತಕ್ಷಣ ಒದೆಯಬಹುದು ಎಂದು ನಿಯಮ ಹೇಳುತ್ತದೆ. ರೆಫರಿ ಗೋಡೆಯ ಅಂತರ ಅಳೆಯಲು ಹೊರಟರೆ ಮಾತ್ರ ಸೀಟಿಗೆ ಕಾಯಬೇಕು. ಇಲ್ಲಿ ರೆಫರಿ ಆ ಕೆಲಸಕ್ಕೆ ಇಳಿದಿದ್ದರೋ ಇಲ್ಲವೋ ಎನ್ನುವುದೇ ಜಗಳ. ಬೆಂಗಳೂರು ಕಡೆಯವನಾಗಿ ನಾನು ಅದು ಸರಿ ಎನ್ನುತ್ತೇನೆ. ಕೊಚ್ಚಿಯಲ್ಲಿ ಹುಟ್ಟಿದ್ದರೆ ಬೇರೆ ಹೇಳುತ್ತಿದ್ದೆ.

ಸೆಮಿಫೈನಲ್‌ನಲ್ಲಿ ಮತ್ತೆ ಮುಂಬೈ. ಎರಡು ಪಂದ್ಯ ಸೇರಿ 2-2, ಪೆನಾಲ್ಟಿಯಲ್ಲಿ 9-8. ಕೊನೆಗೆ ಒದೆತ ತಡೆದವರು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. ಮಾರ್ಚ್ 18ಕ್ಕೆ ಗೋವಾದಲ್ಲಿ ಫೈನಲ್, ಎಟಿಕೆ ಮೋಹನ್ ಬಾಗಾನ್ ಎದುರು 2-2, ಪೆನಾಲ್ಟಿಯಲ್ಲಿ 3-4ರಿಂದ ಸೋಲು. ಇದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಊರಿನಲ್ಲಿ ಮೊಬೈಲ್ ಹಿಡಿದು ಪಂದ್ಯ ನೋಡುವಾಗ ಪಕ್ಕದಲ್ಲಿ ಕೂತವರು ಕೇಳುವ ಪ್ರಶ್ನೆ: 'ಇದ್ರಲ್ಲಿ ನಮ್ಮೋರು ಯಾರಿದಾರಪ್ಪ?' ಛೆಟ್ರಿ ಹುಟ್ಟಿದ್ದು ಸಿಕಂದರಾಬಾದ್. ಸುರೇಶ್ ವಾಂಗ್ಜಮ್, ರೋಷನ್ ಸಿಂಗ್ ಮಣಿಪುರದವರು, ಗುರ್‌ಪ್ರೀತ್ ಪಂಜಾಬಿನವರು. ಕರ್ನಾಟಕದಲ್ಲಿ ಬೆಳೆದ ಹುಡುಗರು ತೀರಾ ಕಡಿಮೆ. ಹಿಂದೆ ನಮ್ಮ ಕಾಲುಗಳು ಕೋಲ್ಕತ್ತಾಕ್ಕೆ ಗೆದ್ದುಕೊಟ್ಟವು, ಈಗ ಬೇರೆಯವರ ಕಾಲುಗಳು ನಮಗೆ ಗೆದ್ದುಕೊಡುತ್ತಿವೆ. ಅಹ್ಮದ್ ಖಾನ್ ಅವರನ್ನು ಕೋಲ್ಕತ್ತಾದ ಜನ ತಮ್ಮವರು ಅಂದುಕೊಂಡ ಹಾಗೆ ಛೆಟ್ರಿಯನ್ನು ನಾವು ಅಂದುಕೊಂಡಿದ್ದೇವೆ. ಇದು ಅರ್ಧ ಉತ್ತರ, ನನಗೆ ಗೊತ್ತು.

ಉಳಿದರ್ಧ ಸಿಕ್ಕಿದ್ದು ರಿಯಾದ್‌ನಿಂದ. ಛೆಟ್ರಿಯ ಆ ಫ್ರೀ ಕಿಕ್ ಬಿದ್ದ ಮರುದಿನ, ಮಾರ್ಚ್ 4ಕ್ಕೆ, ಸೌದಿ ಅರೇಬಿಯಾದಲ್ಲಿ ಸಂತೋಷ್ ಟ್ರೋಫಿ ಫೈನಲ್ ಇತ್ತು. 47 ವರ್ಷದ ನಂತರ ಕರ್ನಾಟಕ ಫೈನಲ್ ತಲುಪಿತ್ತು. ಎದುರಿಗೆ ಮೇಘಾಲಯ. ಎಂ. ಸುನಿಲ್ ಕುಮಾರ್ ಒಂದು, ಬೇಕೆ ಓರಾಂ ಒಂದು, ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್‌ನಿಂದ ಇನ್ನೊಂದು. 3-2. ಕೊನೆಯ ಸಲ ಗೆದ್ದು 54 ವರ್ಷ ಆಗಿತ್ತು, ಮೈಸೂರು ಹೆಸರಿನಲ್ಲಿ. ಕರ್ನಾಟಕ ಎಂಬ ಹೆಸರಿಗೆ ಅದು ಮೊದಲನೆಯದು.

ಎರಡು ದಿನ, ಎರಡು ಫ್ರೀ ಕಿಕ್. ಒಂದನ್ನು ದೇಶವೆಲ್ಲ ನೋಡಿ ವಾರಗಟ್ಟಲೆ ಜಗಳವಾಡಿತು. ಇನ್ನೊಂದರ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ, ಅದಕ್ಕೇ ಇರಬೇಕು, ಮರುದಿನ ಚಹಾ ಅಂಗಡಿಯಲ್ಲಿ ಅದರ ಸುದ್ದಿಯೇ ಬರಲಿಲ್ಲ.

ಮುಂದಿನ ಸೀಸನ್ನಿನಲ್ಲಿ ಬೆಂಗಳೂರು ಎಫ್‌ಸಿ ಹತ್ತನೇ ಸ್ಥಾನಕ್ಕೆ ಕುಸಿಯಿತು. ವೆಸ್ಟ್ ಬ್ಲಾಕ್‌ನವರು ಆಗಲೂ ನಿಂತೇ ಹಾಡಿದರು.