ತಲೆಯ ಮೇಲಿನ ಪುಸ್ತಕದ ಗಂಟು

ಕುಂದಗೋಳ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸಂಗೀತ. ಸವಾಯಿ ಗಂಧರ್ವರು (1886–1952) ಈ ಊರಿನವರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಇಲ್ಲಿ ಕಲಿತರು. ಭೀಮಸೇನ ಜೋಶಿ ಇಲ್ಲಿಯೇ ಇದ್ದು ಕಲಿತರು. ಹಾಡುವವರಿಗೆ ಇಲ್ಲಿ ಗುರುವಿದ್ದರು, ನಾಡಗೀರ ವಾಡೆಯ ಆಸರೆಯಿತ್ತು, ಎದುರಿಗೆ ಕೂತು ತಲೆದೂಗುವ ಜನರಿದ್ದರು. ಅದೇ ರೈಲು ದಾರಿಯಲ್ಲಿ ಸಂಶಿ, ಗುಡಗೇರಿ, ಯಲವಿಗಿ ದಾಟಿ ಹಾವೇರಿ ಕಡೆಗೆ ಹೋದರೆ, ಅದೇ ಕಾಲದಲ್ಲಿ ಇಂಥ ಯಾವ ಆಸರೆಯೂ ಇಲ್ಲದೆ ಕಾದಂಬರಿ ಬರೆಯುತ್ತಿದ್ದವರೊಬ್ಬರು ಸಿಗುತ್ತಾರೆ. ಅವರು ಗಳಗನಾಥರು.

ವೆಂಕಟೇಶ ತಿರಕೋ ಕುಲಕರ್ಣಿ (1869–1942) ಅವರ ನಿಜ ಹೆಸರು. ಹಾವೇರಿ ಸೀಮೆಯ ಗಳಗನಾಥ ಅವರ ಊರು. ಆಗ ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ವೃತ್ತಿಯಿಂದ ಅವರು ಕನ್ನಡ ಶಾಲೆಯ ಮಾಸ್ತರರು. 1898ರಲ್ಲಿ ಬರೆದ ‘ಪ್ರಬುದ್ಧ ಪದ್ಮನಯನೆ’ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂತು. ಸಂಘಕ್ಕೆ ಆಗಿನ್ನೂ ಎಂಟು ವರ್ಷ. ಕನ್ನಡದಲ್ಲಿ ಪುಸ್ತಕಗಳೇ ಕಡಿಮೆ ಇದ್ದ ಕಾಲದಲ್ಲಿ ಹೊಸ ಪುಸ್ತಕ ಬರೆಸಲು ಅದು ಬಹುಮಾನದ ದಾರಿ ಹಿಡಿದಿತ್ತು. ಬಹುಮಾನದಿಂದ ಪುಸ್ತಕ ಹುಟ್ಟಬಹುದು. ಅದನ್ನು ಓದುವವರು ಎಲ್ಲಿಂದ ಬರಬೇಕು?

ಆ ಕಾಲದ ಕತೆಗಾರನ ದಿನನಿತ್ಯದ ತೊಡಕು ಇದೇ. 1901ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಅಕ್ಷರ ಬಲ್ಲವರಲ್ಲಿಯೂ ಹಲವರ ಒಲವು ಮರಾಠಿಯ ಕಡೆಗಿತ್ತು. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರು ‘ಕರಮಣೂಕ’ ಪತ್ರಿಕೆ ನಡೆಸುತ್ತ, ಅದರಲ್ಲಿಯೇ ಕಾದಂಬರಿಗಳನ್ನು ಕಂತುಕಂತಾಗಿ ಬರೆಯುತ್ತಿದ್ದರು. ಮುಂದಿನ ಕಂತಿಗೆ ಕಾಯುವ ಓದುಗರು ಅವರಿಗೆ ಇದ್ದರು. ಬಾಗಲಕೋಟೆಯಲ್ಲಿ ‘ಇಂದಿರಾ’ (1908) ಬರೆದ ಕೆರೂರು ವಾಸುದೇವಾಚಾರ್ಯರಿಗೆ ವಕೀಲಿಯ ಆಧಾರವಿತ್ತು. ಗಳಗನಾಥರಿಗೆ ಇದ್ದದ್ದು ಮಾಸ್ತರಿಕೆ, ಕೊನೆಗೆ ಅದನ್ನೂ ಅವರು ಬಿಟ್ಟರು.

1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದರ ಸಂಪಾದಕರಾದರು. ಅವರ ಕಾದಂಬರಿಗಳಿಗೂ ಅದೇ ನೆಲೆಯಾಯಿತು. ಅಂದರೆ ಒಬ್ಬನೇ ಮನುಷ್ಯ ಬರೆಯಬೇಕು, ಬೇರೆಯವರ ಬರಹ ತಿದ್ದಬೇಕು, ತಿಂಗಳು ತಪ್ಪದೆ ಸಂಚಿಕೆ ಹೊರಡಿಸಬೇಕು. ಇಷ್ಟು ಮಾಡಿಯೂ ಕೆಲಸ ಮುಗಿಯುತ್ತಿರಲಿಲ್ಲ. ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಅವರು ಊರೂರು ತಿರುಗಿ ಮಾರಿದರು ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಸಂಗತಿ.

ಈ ಚಿತ್ರವನ್ನು ನಾವು ಸಾಮಾನ್ಯವಾಗಿ ತ್ಯಾಗದ ಚಿತ್ರವಾಗಿ ನೋಡುತ್ತೇವೆ, ಭಾಷಣಗಳಲ್ಲಿ ಕೈಮುಗಿದು ಮುಂದೆ ಹೋಗುತ್ತೇವೆ. ನನಗೆ ಅದು ಕೆಲಸದ ಚಿತ್ರವಾಗಿಯೂ ಕಾಣುತ್ತದೆ. ಹಾಡುಗಾರನಿಗೆ ಕೇಳುಗನ ಮುಖ ಎದುರಿಗೇ ಇರುತ್ತದೆ. ಕತೆಗಾರನಿಗೆ ಆ ಭಾಗ್ಯವಿಲ್ಲ. ಗಂಟು ಹೊತ್ತು ಹೊರಟ ಗಳಗನಾಥರಿಗೆ ಮಾತ್ರ ಅದು ಸಿಕ್ಕಿತು. ಪುಸ್ತಕ ಕೊಳ್ಳುವವನನ್ನು, ಕೊಳ್ಳದವನನ್ನು, ‘ಮುಂದಿನ ಸಲ ನೋಡೋಣ’ ಎನ್ನುವವನನ್ನು ಕಣ್ಣಾರೆ ಕಂಡು ಬಂದು ಮತ್ತೆ ಬರೆಯಲು ಕೂತವರು ಅವರು. ಒಬ್ಬ ಓದಿದರೆ ಹತ್ತು ಮಂದಿ ಕೇಳುವ ಪುರಾಣ ವಾಚನದ ರೂಢಿ ಹಳ್ಳಿಗಳಲ್ಲಿ ಇದ್ದೇ ಇತ್ತು. ಅವರ ಕಾದಂಬರಿಗಳ ಬಿಡಿಸಿ ಹೇಳುವ ರೀತಿ, ನಡುನಡುವೆ ಬರುವ ನೀತಿಯ ಮಾತು ಇಂದಿನ ವಿದ್ಯಾರ್ಥಿಗೆ ಉದ್ದವೆನಿಸಬಹುದು. ಗಟ್ಟಿಯಾಗಿ ಓದಿಕೊಂಡರೆ ಅದರ ಅಳತೆ ಬೇರೆಯೇ ಆಗಿ ಕೇಳುತ್ತದೆ.

ಇನ್ನೊಂದು ಸಂಗತಿ. ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ಯನ್ನು ಗಳಗನಾಥರು ಆಪಟೆಯವರ ‘ವಜ್ರಾಘಾತ’ದಿಂದ ಕನ್ನಡಕ್ಕೆ ತಂದರು. ಹಂಪಿಯ ಕತೆ ಪುಣೆಗೆ ಹೋಗಿ, ಅಲ್ಲಿಂದ ನಮಗೆ ಬರಬೇಕಾಯಿತು! ಅದೇ ವಿಜಯನಗರದ ಸ್ಥಾಪನೆಯ ಕತೆಯನ್ನು ‘ಮಾಧವ ಕರುಣಾ ವಿಲಾಸ’ದಲ್ಲಿ (1923) ಅವರು ಸ್ವತಃ ಬರೆದರು. ಪತನದ ಕತೆ ಮರಾಠಿಯದು, ಸ್ಥಾಪನೆಯ ಕತೆ ಅವರದು. ಅವರಿಗೆ ಸಿಕ್ಕ ಫಲ ಹಣದಲ್ಲಿ ದೊಡ್ಡದೇನಲ್ಲ. ಆದರೆ ಉತ್ತರ ಕರ್ನಾಟಕದ ಜನಕ್ಕೆ ಕನ್ನಡ ಕಾದಂಬರಿ ಓದುವ ರೂಢಿ ಹಚ್ಚಿದವರು ಎಂಬ ಹೆಸರು ಅವರದಾಯಿತು.

ಈ ಗಂಟಿನ ಭಾರವನ್ನು ಮುಂದೆ ಬೇರೆ ರೀತಿಯಲ್ಲಿ ಹೊತ್ತವರು ಜಿ. ಬಿ. ಜೋಶಿ. ‘ಜಡಭರತ’ ಹೆಸರಿನಲ್ಲಿ ಬರೆಯುತ್ತಿದ್ದ ಅವರು ಗೆಳೆಯರ ಜೊತೆ 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಬೆಟಗೇರಿ ಕೃಷ್ಣಶರ್ಮರ ‘ಸುದರ್ಶನ’ ಅದರ ಮೊದಲ ಕಾದಂಬರಿ. ಓದುಗ ಮೊದಲೇ ವರ್ಷದ ಚಂದಾ ಕೊಡುತ್ತಾನೆ, ಪುಸ್ತಕಗಳು ಮನೆಗೆ ಬರುತ್ತವೆ. ಚಂದಾದಾರರನ್ನು ಕೂಡಿಸಲು ಜೋಶಿಯವರೂ ಊರೂರು ತಿರುಗಿದರು.

ವ್ಯವಸ್ಥೆ ಸರಳ, ಪರಿಣಾಮ ದೊಡ್ಡದು. ಒಂದೊಂದೇ ಪುಸ್ತಕ ಮಾರುವವನು ಪ್ರತಿ ಸಲವೂ ಓದುಗನನ್ನು ಒಪ್ಪಿಸಬೇಕು. ಚಂದಾದಾರನಾದರೋ ಮಾಲೆಯನ್ನು ನಂಬಿ, ಏನು ಬರುತ್ತದೆಂದು ತಿಳಿಯದೆಯೇ ಹಣ ಕೊಟ್ಟಿರುತ್ತಾನೆ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಯಶವಂತ ಚಿತ್ತಾಲರ ‘ಮೂರು ದಾರಿಗಳು’ (1964), ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಮಾಲೆಯಲ್ಲಿಯೇ ಬಂದವು. ಓದುಗನಿಗೆ ಹಿತವೆನಿಸಲೇಬೇಕೆಂಬ ಒತ್ತಾಯವಿಲ್ಲದೆ ಬರೆದ ಕಾದಂಬರಿಗಳಿವು. ಗಳಗನಾಥರು ಹುಟ್ಟಿಸಿದ ಓದುಗರು ಇರದಿದ್ದರೆ ಈ ಚಂದಾದಾರರೂ ಸಿಗುತ್ತಿರಲಿಲ್ಲ. ಚಂದಾದಾರರ ನಂಬಿಕೆ ಇರದಿದ್ದರೆ ಹೊಸ ಲೇಖಕರಿಗೆ ಅಂಥ ಧೈರ್ಯ ಬರುವುದೂ ಕಷ್ಟವಿತ್ತು.

‘ಕತಿ ಬರದ್ರ ಏನ ಸಿಗತೈತಿ?’ ಎಂದು ನಮ್ಮ ಕಡೆ ಈಗಲೂ ಕೇಳುತ್ತಾರೆ. ಸಂಶೋಧನೆಯ ನಡುವೆ ಸಮಯ ಕದ್ದು ಕತೆ ಬರೆಯುವ ನನ್ನಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಇಂದು ಗಂಟು ಮೊಬೈಲಿಗೆ ಬಂದಿದೆ. ತನ್ನ ಪುಸ್ತಕದ ಮುಖಪುಟವನ್ನು ತಾನೇ ವಾಟ್ಸಾಪ್ ಗುಂಪಿಗೆ ಹಾಕಿ, ವಿಳಾಸ ಪಡೆದು, ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವ ಕತೆಗಾರರು ನಮ್ಮಲ್ಲಿ ಇದ್ದಾರೆ. ಹಾಗೆ ಮಾರುವುದು ಬರಹಗಾರನಿಗೆ ತಕ್ಕದ್ದಲ್ಲ ಎಂದು ಸಂಕೋಚಪಡುವವರೂ ಇದ್ದಾರೆ. ಕನ್ನಡ ಕಾದಂಬರಿಯ ಪಿತಾಮಹ ಎನಿಸಿಕೊಂಡವರು ಈ ಕೆಲಸವನ್ನು ಬಿಸಿಲಲ್ಲಿ ನಡೆದು ಮಾಡಿದ್ದಾರೆ. ಸಂಕೋಚಕ್ಕೆ ಕಾರಣ ಕಾಣುವುದಿಲ್ಲ. ಆದರೆ ಬರೆಯುವವನೇ ಎಷ್ಟು ದಿನ ಹೊರಬೇಕು? ಹೆಸರು ಕೇಳದ ಲೇಖಕನ ಪುಸ್ತಕಕ್ಕೆ ಮೊದಲೇ ಹಣ ಕೊಟ್ಟು ಕಾಯುತ್ತಿದ್ದ ಆ ಚಂದಾದಾರರ ಪಾಲಿನ ಕೆಲಸವನ್ನು ಈಗ ಓದುಗರಾದ ನಾವು ಮಾಡಬೇಕಿದೆ.